ಪ್ರಜೆಯ ಸ್ವಾತಂತ್ರ್ಯವೂ ಸರಕಾರದ ಬೀಗದ ಕೈಯೂ

ಸರಕಾರವೆಂದರೆ ನಮ್ಮಲ್ಲಿ ಅನೇಕರಿಗೆ ತಾಲ್ಲೂಕು ಕಚೇರಿಯ ಮೆಟ್ಟಿಲು, ಕಂದಾಯದ ರಸೀದಿ, ಪಡಿತರದ ಚೀಟಿ, ಬೀದಿಯ ತಿರುವಿನಲ್ಲಿ ನಿಂತ ಪೋಲೀಸಿನವನು. ಕಾಯಿದೆಯೆಂದರೆ ಇದನ್ನು ಮಾಡಕೂಡದು, ಅಲ್ಲಿಗೆ ಹೋಗಕೂಡದು ಎಂಬ ನಿಷೇಧಗಳ ಕಂತೆ. ಆದುದರಿಂದ ಇವೆರಡೂ ಎಷ್ಟು ದೂರವಿದ್ದರೆ ಮನುಷ್ಯನಿಗೆ ಅಷ್ಟು ಸ್ವಾತಂತ್ರ್ಯವೆಂದು ಭಾವಿಸುವುದು ಸಹಜವೇ ಆಗಿದೆ. ಆದರೆ ಈ ಭಾವನೆಯಲ್ಲಿ ಅರ್ಧ ಮಾತ್ರ ಸತ್ಯವುಂಟು. ಕಾಯಿದೆಯೇ ಇಲ್ಲದ ಊರಿನಲ್ಲಿ ಬಲಿಷ್ಠನೊಬ್ಬನೇ ಸ್ವತಂತ್ರನು. ಉಳಿದವರೆಲ್ಲರೂ ಅವನ ಮುಖವನ್ನು ನೋಡಿಕೊಂಡು ಬದುಕತಕ್ಕವರು. ವಿಧವೆಯ ಹೊಲವನ್ನು ದಾಯಾದಿಯು ಒತ್ತಿಕೊಳ್ಳದಂತೆ ತಡೆಯುವುದೂ, ಸಾಲಗಾರನನ್ನು ಜೀತಕ್ಕೆ ಕಟ್ಟದಂತೆ ಕಾಯುವುದೂ ಕಾಯಿದೆಯೇ.

ಹೀಗೆ ಕಾಯಿದೆಯು ನಮ್ಮ ಹೊಲದ ಬೇಲಿಯೆಂದು ಒಪ್ಪಿದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಕಳ್ಳನನ್ನು ಹಿಡಿಯಬೇಕಾದರೆ ಸರಕಾರದ ಕೈಯಲ್ಲಿ ಸೆರೆಮನೆಯ ಬೀಗದ ಕೈ ಇರಲೇಬೇಕು. ಆ ಬೀಗದ ಕೈಯನ್ನು ಅದು ಕಳ್ಳನಲ್ಲದವನ ಮೇಲೆ, ತನಗೆ ಬೇಡವಾದವನ ಮೇಲೆ ತಿರುಗಿಸಿದರೆ ಕೇಳುವವರಾರು? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳಬೇಕು? ಪ್ರಜೆಯ ಸ್ವಾತಂತ್ರ್ಯದ ದೊಡ್ಡ ದೊಡ್ಡ ಮಾತುಗಳೆಲ್ಲವೂ ಕಡೆಗೆ ಈ ಒಂದು ಚಿಕ್ಕ ಏರ್ಪಾಡಿನ ಮೇಲೆ ನಿಂತಿವೆಯೆಂಬುದು ನಮ್ಮ ಅಭಿಪ್ರಾಯ: ಸೆರೆಯಲ್ಲಿಟ್ಟವನನ್ನು “ಯಾವ ಕಾಯಿದೆಯ ಮೇರೆಗೆ? ಯಾವ ಕಾರಣಕ್ಕಾಗಿ?” ಎಂದು ಕೇಳುವ, ಉತ್ತರವು ಸಮರ್ಪಕವಾಗಿರದಿದ್ದರೆ ಬಾಗಿಲನ್ನು ತೆರೆಸುವ ಅಧಿಕಾರವುಳ್ಳ ಮತ್ತೊಬ್ಬನಿರಬೇಕು, ಅವನು ಸೆರೆಯಲ್ಲಿಟ್ಟವನ ಅಂಕೆಗೆ ಒಳಗಾದವನಾಗಿರಬಾರದು. ಈ ಏರ್ಪಾಡು ಹೇಗೆ ಬಂದಿತು, ನಮ್ಮ ದೇಶದಲ್ಲಿ ಒಮ್ಮೆ ಹೇಗೆ ಮುರಿದುಬಿದ್ದಿತು, ಮತ್ತೆ ಹೇಗೆ ಎದ್ದಿತು ಎಂಬುದನ್ನು ವಾಚಕರೊಡನೆ ಇಲ್ಲಿ ವಿಚಾರ ಮಾಡೋಣ.

ನ್ಯಾಯಶಾಸ್ತ್ರದಲ್ಲಿ ಈ ಏರ್ಪಾಡಿಗೆ ‘ಹೇಬಿಯಸ್ ಕಾರ್ಪಸ್’ ಎಂದು ಹೆಸರು. ಇದು ಲ್ಯಾಟಿನ್ ಭಾಷೆಯ ಮಾತು. ‘ಆ ಮನುಷ್ಯನನ್ನು ತಂದು ನಮ್ಮೆದುರಿಗೆ ನಿಲ್ಲಿಸು’ ಎಂಬುದು ಅದರ ತಾತ್ಪರ್ಯ. ಒಬ್ಬನು ಅಕ್ರಮವಾಗಿ ಬಂಧಿತನಾಗಿದ್ದಾನೆಂದು ಅವನ ಪರವಾಗಿ ಯಾರಾದರೂ ಅರ್ಜಿಯಿಟ್ಟರೆ, ನ್ಯಾಯಾಧೀಶನು ಬಂಧಿಸಿದವನಿಗೆ ಆಜ್ಞೆಯನ್ನು ಕಳುಹಿಸುತ್ತಾನೆ. ಬಂಧಿಸಿದವನು ಕಾರಣವನ್ನು ತಿಳಿಸಬೇಕು. ಕಾರಣವು ಕಾಯಿದೆಗೆ ಒಪ್ಪದಿದ್ದರೆ ಬಂದಿಯು ಆ ಕ್ಷಣದಿಂದಲೇ ಮುಕ್ತನು. ಇಂಗ್ಲೆಂಡಿನಲ್ಲಿ ಈ ಆಜ್ಞೆಯು ಬಹು ಪುರಾತನವಾದದ್ದು. ಅಧಿಕಾರಿಗಳು ಅದಕ್ಕೆ ನೆಪ ಹೇಳಿ ತಡಮಾಡುತ್ತಿದ್ದುದರಿಂದ ೧೬೭೯ರಲ್ಲಿ ಅಲ್ಲಿನ ಪಾರ್ಲಿಮೆಂಟು ಪ್ರತ್ಯೇಕವಾದ ಶಾಸನವನ್ನು ಮಾಡಿ, ಆಜ್ಞೆಗೆ ಉತ್ತರ ಕೊಡದ ಜೈಲಿನವನಿಗೆ ದಂಡವನ್ನು ವಿಧಿಸಿತು.

ಈ ಆಜ್ಞೆಯ ಬಲವೆಷ್ಟೆಂಬುದು ೧೭೭೨ರ ಒಂದು ಮೊಕದ್ದಮೆಯಿಂದ ತಿಳಿಯುತ್ತದೆ. ಜೇಮ್ಸ್ ಸಾಮರ್ಸೆಟ್ ಎಂಬ ಗುಲಾಮನನ್ನು ಅವನ ಯಜಮಾನನು ಅಮೆರಿಕದಿಂದ ಇಂಗ್ಲೆಂಡಿಗೆ ಕರೆತಂದಿದ್ದನು. ಅವನು ತಪ್ಪಿಸಿಕೊಂಡು ಹೋಗಲು, ಹಿಡಿತರಿಸಿ ಸಂಕೋಲೆ ತೊಡಿಸಿ, ಜಮೈಕಾ ದ್ವೀಪದಲ್ಲಿ ಮಾರುವುದಕ್ಕಾಗಿ ಹಡಗಿನಲ್ಲಿ ಕೂಡಿಹಾಕಿದನು. ಸಾಮರ್ಸೆಟ್ಟನ ಹಿತೈಷಿಗಳು ಅರ್ಜಿಯಿಟ್ಟರು. ಹಡಗಿನ ಕಪ್ತಾನನು ಅವನನ್ನು ನ್ಯಾಯಾಲಯಕ್ಕೆ ತಂದು ನಿಲ್ಲಿಸಬೇಕಾಯಿತು. ಯಜಮಾನನು ಹೇಳಿದ ಕಾರಣವನ್ನು ಸಮರ್ಥಿಸುವ ಕಾಯಿದೆ ಇಂಗ್ಲೆಂಡಿನಲ್ಲಿಲ್ಲವೆಂದು ಲಾರ್ಡ್ ಮ್ಯಾನ್ಸ್‌ಫೀಲ್ಡರು ತೀರ್ಮಾನಿಸಿ ಅವನನ್ನು ಬಿಡಿಸಿದರು. ಹಣವಿಲ್ಲದ, ಬಂಧುಗಳಿಲ್ಲದ ಪರದೇಶದ ಗುಲಾಮನಿಗೂ ಎಟುಕಿದ ಈ ಆಜ್ಞೆಯು ಸರಕಾರಕ್ಕೆ ಮಾತ್ರವೇ ಅಲ್ಲ, ಮತ್ತೊಬ್ಬನನ್ನು ಕೂಡಿಹಾಕುವ ಯಾವ ಮನುಷ್ಯನಿಗೂ ಅನ್ವಯಿಸುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ತಮ್ಮ ದೇಶದಲ್ಲಿ ಈ ನಿಯಮವನ್ನು ಕೊಂಡಾಡುತ್ತಿದ್ದ ಆಂಗ್ಲರು ಭರತಖಂಡದಲ್ಲಿ ಅದರ ಪಕ್ಕದಲ್ಲಿಯೇ ಮತ್ತೊಂದು ಬಾಗಿಲನ್ನು ತೆರೆದಿಟ್ಟುಕೊಂಡರು. ೧೮೧೮ರ ಬಂಗಾಳದ ಮೂರನೆಯ ರೆಗ್ಯುಲೇಷನ್ನಿನ ಮೇರೆಗೆ, ರಾಜ್ಯದ ಹಿತಕ್ಕಾಗಿ ಎಂಬ ಒಂದೇ ಮಾತನ್ನು ಹೇಳಿ, ವಿಚಾರಣೆಯಿಲ್ಲದೆ ಯಾರನ್ನಾದರೂ ಸ್ಥಾನಬದ್ಧನನ್ನಾಗಿ ಇಡಬಹುದಾಗಿದ್ದಿತು. ೧೯೦೭ರಲ್ಲಿ ಲಾಲಾ ಲಜಪತರಾಯರನ್ನು ಬರ್ಮಾದೇಶದ ಮಂಡಾಲೆಗೆ ಸಾಗಿಸಿದ್ದು ಈ ರೆಗ್ಯುಲೇಷನ್ನಿನ ಬಲದಿಂದಲೇ. ೧೯೧೯ರಲ್ಲಿ ಬಂದ ರೌಲಟ್ ಶಾಸನವು ಇದೇ ಬಗೆಯ ಅಧಿಕಾರವನ್ನು ವಿಸ್ತರಿಸಿತು. ಶಾಸನಸಭೆಯಲ್ಲಿದ್ದ ಭಾರತೀಯ ಸದಸ್ಯರ ವಿರೋಧವನ್ನು ಲೆಕ್ಕಿಸದೆ ಅದನ್ನು ಅಂಗೀಕರಿಸಿದರು. ದಲೀಲೂ ಇಲ್ಲ, ವಕೀಲನೂ ಇಲ್ಲ, ಅಪೀಲೂ ಇಲ್ಲ ಎಂದು ಜನರು ಅದನ್ನು ಮೂರೇ ಮಾತಿನಲ್ಲಿ ವರ್ಣಿಸಿದರು. ಅದರ ವಿರುದ್ಧ ಗಾಂಧೀಜಿಯವರು ಏಪ್ರಿಲ್ ೬ರಂದು ಹರತಾಳವನ್ನು ನಡೆಯಿಸಿದರು. ಅದಾದ ಒಂದೇ ವಾರದಲ್ಲಿ ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡವು ನಡೆಯಿತು.

ಎರಡನೆಯ ಮಹಾಯುದ್ಧದ ಕಾಲಕ್ಕೆ ಇದೇ ರೋಗವು ಇಂಗ್ಲೆಂಡಿಗೂ ತಗಲಿತು. ಲಿವರ್ಸಿಜ್ ಎಂಬಾತನನ್ನು ಅಲ್ಲಿನ ಗೃಹಮಂತ್ರಿಗಳಾದ ಸರ್ ಜಾನ್ ಆಂಡರ್ಸನ್ನರು ವಿಚಾರಣೆಯಿಲ್ಲದೆ ಬಂಧಿಸಿದರು. ಇವರು ಹಿಂದೆ ಬಂಗಾಳದ ಗವರ್ನರಾಗಿದ್ದವರೇ. ಯುಕ್ತವಾದ ಕಾರಣವಿದೆಯೆಂದು ಮಂತ್ರಿಯು ನಂಬಿದರೆ ಸಾಕು, ಆ ಕಾರಣವೇನೆಂದು ನ್ಯಾಯಾಲಯವು ಕೆದಕಬಾರದೆಂದು ೧೯೪೧ರಲ್ಲಿ ನಾಲ್ವರು ನ್ಯಾಯಾಧೀಶರು ತೀರ್ಪುಕೊಟ್ಟರು. ಐದನೆಯವರಾದ ಲಾರ್ಡ್ ಆಟ್ಕಿನ್ನರು ಮಾತ್ರ ಒಪ್ಪಲಿಲ್ಲ. ಕಾರಣವಿರುವುದು ಬೇರೆ, ಇದೆಯೆಂದು ತಾನೇ ತಿಳಿದುಕೊಳ್ಳುವುದು ಬೇರೆ. ಯುದ್ಧದ ನಡುವೆಯೂ ಕಾಯಿದೆಯ ಮಾತಿಗೆ ಶಾಂತಿಕಾಲದ ಅರ್ಥವೇ ಇರತಕ್ಕದ್ದು ಎಂಬುದು ಅವರ ವಾದ. ನಮ್ಮ ದೇಶದಲ್ಲಿ ೧೯೪೩ರ ಏಪ್ರಿಲಿನಲ್ಲಿ ಕೇಶವ ತಲಪಾಡೆ ಎಂಬವರ ಮೊಕದ್ದಮೆಯಲ್ಲಿ ಫೆಡರಲ್ ಕೋರ್ಟು ಇನ್ನೂ ಧೈರ್ಯವನ್ನು ತೋರಿಸಿತು. ಸರ್ ಮಾರಿಸ್ ಗ್ವಾಯರರು ಮುಖ್ಯ ನ್ಯಾಯಾಧೀಶರಾಗಿದ್ದ ಆ ನ್ಯಾಯಾಲಯವು ಸ್ಥಾನಬದ್ಧತೆಯ ನಿಯಮವೇ ಅಸಿಂಧುವೆಂದು ಸಾರಿತು. ಸರಕಾರವು ಕೆಲವೇ ದಿನಗಳಲ್ಲಿ ಆರ್ಡಿನೆನ್ಸನ್ನು ಹೊರಡಿಸಿ ಆ ರಂಧ್ರವನ್ನು ಮುಚ್ಚಿಬಿಟ್ಟಿತು.

ಇಂಥ ಸೆರೆಗಳನ್ನು ಸ್ವತಃ ಅನುಭವಿಸಿದ್ದವರೇ ಸ್ವತಂತ್ರ ಭಾರತದ ಸಂವಿಧಾನವನ್ನು ರಚಿಸಲು ಕುಳಿತರು. ಕಾಯಿದೆಯು ಗೊತ್ತುಮಾಡಿದ ಕ್ರಮದಿಂದಲ್ಲದೆ ಯಾರ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಕಸಿಯಕೂಡದೆಂದು ೨೧ನೆಯ ವಿಧಿಯಲ್ಲಿ ಬರೆದರು. ಹಕ್ಕಿಗೆ ಚ್ಯುತಿ ಬಂದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದೆಂದು ೩೨ನೆಯ ವಿಧಿಯಲ್ಲಿ ಹೇಳಿದರು. ಈ ವಿಧಿಯೇ ಸಂವಿಧಾನದ ಹೃದಯವೂ ಆತ್ಮವೂ ಆಗಿದೆಯೆಂದು ೧೯೪೮ರಲ್ಲಿ ಡಾ. ಅಂಬೇಡ್ಕರರು ಸಭೆಯಲ್ಲಿ ನುಡಿದರು. ಆದರೆ ಅದೇ ಹಕ್ಕುಗಳ ಅಧ್ಯಾಯದ ೨೨ನೆಯ ವಿಧಿಯಲ್ಲಿ, ಅಪರಾಧ ನಡೆಯುವ ಮೊದಲೇ, ನಡೆದೀತೆಂಬ ಶಂಕೆಯಿಂದ ಒಬ್ಬನನ್ನು ಸ್ಥಾನಬದ್ಧನನ್ನಾಗಿಡುವ ಅಧಿಕಾರವನ್ನೂ ಉಳಿಸಿಕೊಂಡರು. ಇದನ್ನು ಕೇವಲ ಅಧಿಕಾರಲೋಭವೆನ್ನಲಾಗದು. ದೇಶವಿಭಜನೆಯ ರಕ್ತಪಾತವು ಕಣ್ಣೆದುರಿಗಿದ್ದಿತು, ಮಹಾತ್ಮರ ಕೊಲೆಯಾಗಿದ್ದಿತು. ೧೯೫೦ರ ಫೆಬ್ರುವರಿಯಲ್ಲಿ ಇಂಥ ಬಂಧನದ ಶಾಸನವನ್ನು ಪಾರ್ಲಿಮೆಂಟಿನ ಮುಂದಿಡುವಾಗ ಸರದಾರ ಪಟೇಲರು, ಇದಕ್ಕಾಗಿ ತಾವು ನಿದ್ದೆಯಿಲ್ಲದ ರಾತ್ರಿಗಳನ್ನು ಕಳೆದುದಾಗಿ ಹೇಳಿಕೊಂಡರು. ಬೀಗದ ಕೈಯನ್ನು ಹಿಡಿದವನಿಗೆ ನಿದ್ದೆ ಬಾರದಿರುವುದು ಒಳ್ಳೆಯ ಲಕ್ಷಣವೇ. ಆದರೆ ಮುಂದೆ ಅದು ಯಾರ ಕೈಗೆ ಹೋಗುವುದೋ, ಅವನಿಗೆ ಸುಖನಿದ್ರೆ ಬರುವುದೋ ಇಲ್ಲವೋ, ಬಲ್ಲವರಾರು?

ಆ ಶಾಸನವನ್ನು ಕಮ್ಯೂನಿಸ್ಟ್ ಮುಖಂಡರಾದ ಎ. ಕೆ. ಗೋಪಾಲನ್ನರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ೧೯೫೦ರ ಮೇ ೧೯ರ ತೀರ್ಪಿನಲ್ಲಿ ಬಹುಸಂಖ್ಯೆಯ ನ್ಯಾಯಾಧೀಶರು ಶಾಸನವನ್ನು ಎತ್ತಿಹಿಡಿದರು. ಆದರೆ ಅದರ ೧೪ನೆಯ ಕಲಮನ್ನು ಮಾತ್ರ ರದ್ದುಮಾಡಿದರು. ತನ್ನ ಬಂಧನಕ್ಕೆ ಕೊಟ್ಟ ಕಾರಣಗಳನ್ನು ಬಂದಿಯು ನ್ಯಾಯಾಲಯಕ್ಕೂ ತಿಳಿಸಬಾರದೆಂದು ಆ ಕಲಮು ವಿಧಿಸಿದ್ದಿತು. ಶಾಸನದ ಉಳಿದ ಕಾಠಿಣ್ಯವನ್ನು ಸಹಿಸಿಕೊಂಡವರೂ ಕಾರಣವನ್ನು ಕೇಳುವ ಬಾಯನ್ನೇ ಮುಚ್ಚುವುದನ್ನು ಸಹಿಸಲಿಲ್ಲ.

ಇಪ್ಪತ್ತೈದು ವರ್ಷಗಳ ತರುವಾಯ ಆ ಬಾಯೂ ಮುಚ್ಚಿಹೋಯಿತು. ೧೯೭೫ರ ಜೂನ್ ೨೫ರ ರಾತ್ರಿ ರಾಷ್ಟ್ರದಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಲಾಯಿತು. ಪಾರ್ಲಿಮೆಂಟಿನ ಒಂದು ಸಮಿತಿಯ ಕೆಲಸಕ್ಕಾಗಿ ಆಗ ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರ ಇವರನ್ನು ಮರುದಿನವೇ ಬಂಧಿಸಿ ಇಲ್ಲಿಯ ಸೆಂಟ್ರಲ್ ಜೈಲಿನಲ್ಲಿಟ್ಟರು. ದೇಶದ ಮೇಲೆಲ್ಲ ಇದೇ ಸುಗ್ಗಿ. ೧೯೭೭ರಲ್ಲಿ ನೇಮಕವಾದ ಷಾ ಆಯೋಗದ ಲೆಕ್ಕದಂತೆ, ‘ಮೀಸಾ’ ಎಂದು ಹೆಸರಾದ ೧೯೭೧ರ ಆಂತರಿಕ ಭದ್ರತಾ ಶಾಸನದ ಕೆಳಗೆ ಸುಮಾರು ೩೫,೦೦೦ ಜನರೂ, ರಕ್ಷಣಾ ನಿಯಮಗಳ ಕೆಳಗೆ ೭೫,೦೦೦ಕ್ಕೂ ಹೆಚ್ಚು ಜನರೂ ಬಂಧಿತರಾದರು. ಜೂನ್ ೨೭ರಂದು ರಾಷ್ಟ್ರಪತಿಗಳ ಆಜ್ಞೆಯೊಂದು ಹೊರಟು, ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವ ಮಾರ್ಗವನ್ನು ತಡೆಯಿತು. ಬಂಧನದ ಕಾರಣವನ್ನು ಬಂದಿಗೆ ತಿಳಿಸಬೇಕಾಗಿಲ್ಲವೆಂದು ಮೀಸಾ ಶಾಸನವನ್ನೂ ತಿದ್ದಿದರು.

ಆದರೂ ಅರ್ಜಿಗಳು ನಿಲ್ಲಲಿಲ್ಲ. ಬೆಂಗಳೂರಿನಲ್ಲಿದ್ದ ನಾಯಕರು ಕರ್ನಾಟಕದ ಹೈಕೋರ್ಟಿಗೆ ಅರ್ಜಿಯಿಟ್ಟರು. ಇಂಥ ಅರ್ಜಿಯನ್ನು ಕೇಳಲೇಬಾರದೆಂದು ಸರಕಾರವು ಆಕ್ಷೇಪಿಸಿತು. ಹೈಕೋರ್ಟು ಆ ಆಕ್ಷೇಪವನ್ನು ತಳ್ಳಿಹಾಕಿತು. ಇತರ ಹಲವು ಹೈಕೋರ್ಟುಗಳ ನಿಲುವೂ ಇದೇ ಆಗಿದ್ದಿತು. ಇವೆಲ್ಲದರ ಮೇಲೆ ಸರಕಾರವು ಸುಪ್ರೀಂ ಕೋರ್ಟಿಗೆ ಹೋಯಿತು. ಜಬ್ಬಲಪುರದ ಬಂದಿಯೊಬ್ಬರ ಮೊಕದ್ದಮೆಯ ಹೆಸರಿನಿಂದ ಪ್ರಸಿದ್ಧವಾದ ಆ ವಿಚಾರಣೆಯಲ್ಲಿ ನ್ಯಾಯಮೂರ್ತಿ ಹಂಸರಾಜ ಖನ್ನಾ ಅವರು ಸರಕಾರದ ಪರವಾದ ಅಟಾರ್ನಿ ಜನರಲರನ್ನು ಒಂದು ಪ್ರಶ್ನೆ ಕೇಳಿದರು: ೨೧ನೆಯ ವಿಧಿಯಲ್ಲಿ ಸ್ವಾತಂತ್ರ್ಯದ ಜತೆಗೆ ಪ್ರಾಣವೂ ಇದೆಯಲ್ಲ, ಪೋಲೀಸು ಅಧಿಕಾರಿಯೊಬ್ಬನು ಸ್ವಂತದ ಹಗೆಯಿಂದ ಒಬ್ಬನನ್ನು ಕೊಂದರೆ ಪರಿಹಾರವೇನು? ತಮ್ಮ ವಾದವನ್ನು ಅನುಸರಿಸಿದರೆ, ತುರ್ತುಪರಿಸ್ಥಿತಿ ಇರುವ ತನಕ ಪರಿಹಾರವಿಲ್ಲವೆಂದು ಅವರು ಉತ್ತರ ಕೊಟ್ಟರು.

೧೯೭೬ರ ಏಪ್ರಿಲ್ ೨೮ರಂದು ನಾಲ್ವರು ನ್ಯಾಯಾಧೀಶರು ಈ ವಾದವನ್ನು ಒಪ್ಪಿದರು. ಖನ್ನಾ ಅವರೊಬ್ಬರು ಒಪ್ಪಲಿಲ್ಲ. ಸಂವಿಧಾನವು ಹುಟ್ಟುವ ಮುಂಚೆಯೇ, ಕಾಯಿದೆಯ ಆಧಾರವಿಲ್ಲದೆ ಒಬ್ಬನ ಪ್ರಾಣವನ್ನು ತೆಗೆಯುವ ಅಧಿಕಾರ ಯಾವ ಸರಕಾರಕ್ಕೂ ಇರಲಿಲ್ಲ. ಹಕ್ಕನ್ನು ಬರೆದ ಕಾಗದವನ್ನು ಮಡಿಸಿಟ್ಟ ಮಾತ್ರಕ್ಕೆ ಆ ಅಧಿಕಾರ ಹೊಸದಾಗಿ ಬರಲಾರದು ಎಂಬುದು ಅವರ ತೀರ್ಪಿನ ಸಾರ. ಈ ತೀರ್ಪು ತಮಗೆ ಮುಖ್ಯ ನ್ಯಾಯಾಧೀಶರ ಪದವಿಯನ್ನು ತಪ್ಪಿಸುವುದೆಂದು ಅವರು ಹರಿದ್ವಾರದಲ್ಲಿ ತಮ್ಮ ತಂಗಿಯೊಡನೆ ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ೧೯೭೭ರ ಜನವರಿಯಲ್ಲಿ ಸೇವೆಯಲ್ಲಿ ಅವರಿಗಿಂತ ಕಿರಿಯರನ್ನು ಆ ಪೀಠದಲ್ಲಿ ಕುಳ್ಳಿರಿಸಲು, ಖನ್ನಾ ಅವರು ರಾಜೀನಾಮೆಯನ್ನು ಕೊಟ್ಟು ಮನೆಗೆ ತೆರಳಿದರು.

ಇದೆಲ್ಲವೂ ರಾಜಕಾರಣಿಗಳ, ವಕೀಲರ ವ್ಯವಹಾರ, ನಮ್ಮಂಥ ಸಂಸಾರಿಗಳಿಗೆ ಇದರಿಂದೇನು ಎಂದು ಕೇಳುವವರಿದ್ದಾರೆ. ಅವರು ಎರಡು ಮನೆಗಳ ಕಥೆಯನ್ನು ಕೇಳಬೇಕು.

ಮೊದಲನೆಯದು ಬೆಂಗಳೂರಿನದು. ‘ಸಂಸ್ಕಾರ’ ಚಲನಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು ನಮ್ಮ ವಾಚಕರಲ್ಲಿ ಹಿರಿಯರು ಬಲ್ಲರು. ೧೯೭೬ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿ ಸೆಂಟ್ರಲ್ ಜೈಲಿಗೆ ಕಳುಹಿಸಿದರು. ಯಾವ ನ್ಯಾಯಾಲಯವೂ ಅವರನ್ನು ಅಪರಾಧಿಯೆಂದು ತೀರ್ಮಾನಿಸಲಿಲ್ಲ. ಅವರಿಗೆ ಗೂರಲು ರೋಗವಿದ್ದಿತು. ಸೆರೆಯಲ್ಲಿ ಅದು ಉಲ್ಬಣವಾಯಿತು. ಎಂಟು ತಿಂಗಳ ಮೇಲೆ, ಇನ್ನು ಬದುಕುವುದು ಕಷ್ಟವೆಂಬ ಸ್ಥಿತಿಯಲ್ಲಿ, ೧೯೭೭ರ ಜನವರಿ ೧೫ರಂದು ಪೆರೋಲಿನ ಮೇಲೆ ಹೊರಗೆ ಬಿಟ್ಟರು. ೨೦ರಂದು ಅವರು ತೀರಿಕೊಂಡರು. ಯಾವ ಕಾರಣಕ್ಕಾಗಿ ಎಂಬ ಪ್ರಶ್ನೆಯನ್ನು ಆ ಎಂಟು ತಿಂಗಳಲ್ಲಿ ಒಂದು ನ್ಯಾಯಾಲಯವು ಕೇಳುವಂತಿದ್ದಿದ್ದರೆ ಆ ಮನೆಯ ದೀಪ ಉಳಿಯುತ್ತಿದ್ದಿತೋ ಏನೋ.

ಎರಡನೆಯದು ಕೇರಳದ್ದು. ಕಲ್ಲಿಕೋಟೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಿದ್ದ ರಾಜನ್ ಎಂಬ ತರುಣನನ್ನು ೧೯೭೬ರ ಮಾರ್ಚ್ ೧ರಂದು ಪೋಲೀಸರು ಹಿಡಿದುಕೊಂಡು ಹೋದರು. ಹಿಂದಿಯ ಅಧ್ಯಾಪಕರಾಗಿದ್ದ ಅವನ ತಂದೆ ಈಚರ ವಾರಿಯರರು ಅಧಿಕಾರಿಗಳ ಮನೆಬಾಗಿಲುಗಳನ್ನೂ, ಮಂತ್ರಿಗಳ ಮನೆಬಾಗಿಲುಗಳನ್ನೂ ತಟ್ಟಿದರು. ಮನವಿಗಳ ಮೇಲೆ ಮನವಿಗಳನ್ನು ಬರೆದರು. ಮಗನೆಲ್ಲಿ ಎಂಬುದಕ್ಕೆ ಉತ್ತರ ದೊರೆಯಲಿಲ್ಲ. ೧೯೭೭ರ ಮಾರ್ಚ್ ೨೧ರಂದು ತುರ್ತುಪರಿಸ್ಥಿತಿ ಕೊನೆಗೊಂಡಿತು. ಕೆಲವೇ ದಿನಗಳಲ್ಲಿ ಆ ತಂದೆಯು ಕೇರಳದ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಕೊಟ್ಟರು. ಹುಡುಗನನ್ನು ತಂದು ನಿಲ್ಲಿಸಿರೆಂದು ನ್ಯಾಯಾಲಯವು ಆಜ್ಞಾಪಿಸಿತು. ತಂದು ನಿಲ್ಲಿಸಲು ಹುಡುಗನೇ ಇರಲಿಲ್ಲ. ಕಕ್ಕಯಂ ಎಂಬಲ್ಲಿಯ ಪೋಲೀಸು ಶಿಬಿರದಲ್ಲಿ ಚಿತ್ರಹಿಂಸೆಗೊಳಗಾಗಿ ಅವನು ಅಸುನೀಗಿದ್ದನು. ಅವನ ದೇಹವೂ ತಂದೆತಾಯಿಗಳಿಗೆ ದೊರೆಯಲಿಲ್ಲ. ತುರ್ತುಪರಿಸ್ಥಿತಿಯಲ್ಲಿ ಗೃಹಮಂತ್ರಿಗಳಾಗಿದ್ದು ಆಗತಾನೇ ಮುಖ್ಯಮಂತ್ರಿಗಳಾಗಿದ್ದ ಕೆ. ಕರುಣಾಕರನ್ನರು ಒಂದು ತಿಂಗಳ ಸುಮಾರಿಗೆ ಪದವಿಯನ್ನು ಬಿಡಬೇಕಾಯಿತು. ಮಗನು ಎಲ್ಲಿದ್ದಾನೆ ಎಂದು ಒಂದು ವರ್ಷವಿಡೀ ಕೇಳಿದ ತಂದೆಗೆ ಸಿಗದ ಉತ್ತರವು, ನ್ಯಾಯಾಲಯದ ಬಾಗಿಲು ತೆರೆದ ಕೆಲವೇ ವಾರಗಳಲ್ಲಿ ಸಿಕ್ಕಿತು. ಸಿಕ್ಕುವ ವೇಳೆಗೆ ಅದರಿಂದ ಮಗನನ್ನು ಉಳಿಸುವ ಕಾಲ ಮೀರಿಹೋಗಿದ್ದಿತು.

ಮುರಿದ ಏರ್ಪಾಡನ್ನು ದೇಶವು ಆಮೇಲೆ ಕಟ್ಟಿಕೊಂಡಿತು. ೧೯೭೮ರ ೪೪ನೆಯ ತಿದ್ದುಪಡಿಯು, ಎಂಥ ತುರ್ತುಪರಿಸ್ಥಿತಿಯಲ್ಲಿಯೂ ೨೧ನೆಯ ವಿಧಿಯ ರಕ್ಷಣೆಯನ್ನು ತಡೆಯಕೂಡದೆಂದು ವಿಧಿಸಿತು. ‘ಆಂತರಿಕ ಕ್ಷೋಭೆ’ ಎಂಬ ಸಡಿಲವಾದ ಮಾತನ್ನು ತೆಗೆದು ‘ಸಶಸ್ತ್ರ ದಂಗೆ’ ಎಂಬ ಬಿಗಿಯಾದ ಮಾತನ್ನಿಟ್ಟಿತು. ಸ್ವಾತಂತ್ರ್ಯವನ್ನು ಕಸಿಯುವ ಕ್ರಮವು ಕಾಯಿದೆಯಲ್ಲಿದ್ದರೆ ಸಾಲದು, ಅದು ನ್ಯಾಯವೂ ಯುಕ್ತವೂ ಆಗಿರಬೇಕೆಂದು ಅದೇ ವರ್ಷ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆದರೂ ೧೯೭೬ರ ತೀರ್ಪು ಹಾಳುಮನೆಯಂತೆ ನಾಲ್ವತ್ತು ವರ್ಷ ನಿಂತೇ ಇದ್ದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು, ಆಧಾರ್ ಯೋಜನೆಯನ್ನು ಪ್ರಶ್ನಿಸಿ ೨೦೧೨ರಲ್ಲಿ ಇಳಿವಯಸ್ಸಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿ ಬದುಕು ಮೂಲಭೂತವಾದ ಹಕ್ಕೆಂದು ಸಾರುತ್ತಾ, ಹಳೆಯ ಆ ತೀರ್ಪನ್ನೂ ತಳ್ಳಿಹಾಕಿತು. ೧೯೭೬ರ ನಾಲ್ವರಲ್ಲಿ ಒಬ್ಬರು ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರು, ಆ ತೀರ್ಪು ದೋಷಯುಕ್ತವೆಂದು ೨೦೧೭ರಲ್ಲಿ ಬರೆದವರು ಅವರ ಮಗನಾದ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರು. ಪಿತೃಭಕ್ತಿಗೂ ನ್ಯಾಯನಿಷ್ಠೆಗೂ ವಿರೋಧವಿರಬೇಕಾಗಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇಷ್ಟರಿಂದ ನಾವು ನಿಶ್ಚಿಂತರಾಗಬಹುದೆ? ಆಗಲಾರೆವು. ವಿಚಾರಣೆಯಿಲ್ಲದ ಬಂಧನದ ಅಧಿಕಾರವು ಇಂದಿಗೂ ಸಂವಿಧಾನದಲ್ಲಿದೆ. ೧೯೮೦ರ ರಾಷ್ಟ್ರೀಯ ಭದ್ರತಾ ಶಾಸನದ ಮೇರೆಗೆ ಒಬ್ಬನನ್ನು ಹನ್ನೆರಡು ತಿಂಗಳವರೆಗೆ ಇಡಬಹುದು. ಸಲಹಾ ಮಂಡಲಿಯ ಅಭಿಪ್ರಾಯವಿಲ್ಲದೆ ಮೂರು ತಿಂಗಳು ಇಡಬಹುದೆಂಬ ಅವಧಿಯನ್ನು ಎರಡು ತಿಂಗಳಿಗೆ ಇಳಿಸಲು ೪೪ನೆಯ ತಿದ್ದುಪಡಿಯಲ್ಲಿಯೇ ಪಾರ್ಲಿಮೆಂಟು ಒಪ್ಪಿದ್ದರೂ, ಆ ಒಂದು ಭಾಗವನ್ನು ಯಾವ ಸರಕಾರವೂ ಜಾರಿಗೆ ತಂದಿಲ್ಲ. ಪಕ್ಷಗಳು ಬಂದವು, ಹೋದವು. ವಿರೋಧಪಕ್ಷದಲ್ಲಿದ್ದಾಗ ಭಾರವೆನಿಸಿದ ಬೀಗದ ಕೈ ಅಧಿಕಾರಕ್ಕೆ ಬಂದೊಡನೆ ಎಲ್ಲರಿಗೂ ಹಗುರವಾಗಿಯೇ ತೋರಿತು. ನಮ್ಮ ರಾಜ್ಯದಲ್ಲಿಯೂ ‘ಗೂಂಡಾ ಕಾಯಿದೆ’ ಎಂದು ಕರೆಯಲ್ಪಡುವ ೧೯೮೫ರ ಶಾಸನವಿದೆ. ಕಳ್ಳಭಟ್ಟಿ, ಜೂಜುಗಳವರಿಗಾಗಿ ಹುಟ್ಟಿದ ಅದರ ಪಟ್ಟಿಗೆ, ಚಲನಚಿತ್ರಗಳ ಕಳ್ಳಪ್ರತಿ ಮಾಡುವವರೂ ಆಮೇಲೆ ಸೇರಿದರು. ವಿಶೇಷವಾದ ಕೇಡಿಗೆಂದು ಕೊಟ್ಟ ಅಧಿಕಾರವು ಸಾಮಾನ್ಯವಾದ ಕೆಲಸಕ್ಕೆ ಹರಿದುಬರುವುದು ಅದರ ಸ್ವಭಾವವೇ ಆಗಿದೆ.

ಹೀಗಿರುವಲ್ಲಿ ಪ್ರತಿಯೊಂದು ಸಂಸಾರವೂ ನಾಲ್ಕು ಸಂಗತಿಗಳನ್ನಾದರೂ ತಿಳಿದಿರಬೇಕು. ಸಾಮಾನ್ಯವಾದ ಬಂಧನದಲ್ಲಿ, ಏತಕ್ಕಾಗಿ ಬಂಧಿಸಿದರೆಂದು ತಿಳಿಯುವ ಹಕ್ಕೂ, ತನಗೆ ಬೇಕಾದ ವಕೀಲನನ್ನು ಕಾಣುವ ಹಕ್ಕೂ ಬಂಧಿತನಿಗುಂಟು. ಪ್ರಯಾಣದ ವೇಳೆಯನ್ನು ಬಿಟ್ಟು ೨೪ ಗಂಟೆಗಳೊಳಗಾಗಿ ಅವನನ್ನು ಮ್ಯಾಜಿಸ್ಟ್ರೇಟರ ಎದುರಿಗೆ ನಿಲ್ಲಿಸಲೇಬೇಕು. ಬಂಧನದ ವಿಷಯವನ್ನು ಮನೆಯವರಿಗೋ ಮಿತ್ರರಿಗೋ ತಿಳಿಸಬೇಕೆಂದು ೧೯೯೬ರಲ್ಲಿ ಡಿ. ಕೆ. ಬಸು ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕಟ್ಟುಮಾಡಿದೆ. ಒಬ್ಬನು ಕಾಣೆಯಾಗಿ, ಅಕ್ರಮ ಬಂಧನದ ಶಂಕೆಯಿದ್ದರೆ, ಅವನ ತಾಯಿಯಾಗಲಿ ಹೆಂಡತಿಯಾಗಲಿ ಸ್ನೇಹಿತನಾಗಲಿ ನೇರವಾಗಿ ಹೈಕೋರ್ಟಿಗೆ ಅರ್ಜಿ ಕೊಡಬಹುದು. ಇವು ಯಾವ ಅಧಿಕಾರಿಯೂ ದಯೆಯಿಂದ ಕೊಡುವ ಭಿಕ್ಷೆಯಲ್ಲ.

ಸಾಮರ್ಸೆಟ್ಟನ ಮೊಕದ್ದಮೆಯು ಹೇಳಿದ ಮಾತನ್ನು ಇಲ್ಲಿ ನೆನೆಯಬೇಕು: ಈ ಆಜ್ಞೆಯು ಮನೆಯ ಹೊಸ್ತಿಲನ್ನೂ ದಾಟಬಲ್ಲುದು. ವಯಸ್ಸಿಗೆ ಬಂದ ಮಗಳು ತನ್ನ ಇಷ್ಟದಂತೆ ವಿವಾಹವಾದಳೆಂದು ಅವಳನ್ನು ಕೋಣೆಯಲ್ಲಿ ಕೂಡಿಟ್ಟರೆ, ತಂದೆಯೂ ನ್ಯಾಯಾಲಯಕ್ಕೆ ಉತ್ತರ ಹೇಳಬೇಕಾಗುತ್ತದೆ. ಪ್ರಾಪ್ತವಯಸ್ಕಳು ಯಾರನ್ನು ವರಿಸಬೇಕೆಂಬುದು ಅವಳಿಗೆ ಸೇರಿದ್ದೆಂದು ೨೦೧೮ರಲ್ಲಿ ಕೇರಳದ ಹಾದಿಯಾ ಎಂಬುವಳ ವಿಷಯದಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಸರಕಾರವು ನಮಗೆ ಕಾರಣ ಹೇಳಬೇಕೆಂದು ಹಟ ಹಿಡಿಯುವ ನಾವು, ನಮ್ಮ ಅಂಕೆಯಲ್ಲಿರುವವರಿಗೆ ಕಾರಣವನ್ನು ಹೇಳದೆ ಆಳುವುದು ಯುಕ್ತವಾಗಲಾರದು. ಏಕೆ ಎಂದು ಕೇಳಿದ ಮಗುವನ್ನು ಗದರಿಸಿ ಬಾಯಿ ಮುಚ್ಚಿಸುವ ಮನೆಯಲ್ಲಿ ಬೆಳೆದವನು, ನಾಳೆ ಸರಕಾರವನ್ನು ಏಕೆ ಎಂದು ಕೇಳುವ ಧೈರ್ಯವನ್ನು ಎಲ್ಲಿಂದ ತಂದಾನು?

ಆ ಹಳೆಯ ಸೆಂಟ್ರಲ್ ಜೈಲು ಇಂದು ಬೆಂಗಳೂರಿನಲ್ಲಿ ‘ಫ್ರೀಡಂ ಪಾರ್ಕ್’ ಎಂಬ ಉದ್ಯಾನವಾಗಿದೆ. ಮಕ್ಕಳೊಡನೆ ಅಲ್ಲಿಗೆ ಹೋಗುವ ತಾಯಿತಂದೆಗಳು ಆ ಗೋಡೆಗಳ ಕಥೆಯನ್ನೂ ಅವರಿಗೆ ಹೇಳಲಿ. ಅಲ್ಲಿ ಇದ್ದವರಲ್ಲಿ ಕೆಲವರು ಮುಂದೆ ದೇಶವನ್ನಾಳಿದರೆಂಬುದನ್ನೂ, ಒಬ್ಬಾಕೆ ಸಾಯುವುದಕ್ಕಾಗಿಯೇ ಎಂಬಂತೆ ಹೊರಬಂದಳೆಂಬುದನ್ನೂ ಹೇಳಲಿ. ಒಳ್ಳೆಯ ಸರಕಾರವು ಬೇಕೇ ಬೇಕು. ಒಳ್ಳೆಯ ಕಾಯಿದೆಯೂ ಬೇಕು. ಆದರೆ ಅವು ಒಳ್ಳೆಯವಾಗಿಯೇ ಉಳಿಯುವುದು, ಬೀಗದ ಕೈಯನ್ನು ಹಿಡಿದವನು ಪ್ರತಿದಿನವೂ ಕಾರಣವನ್ನು ಹೇಳಬೇಕಾಗಿರುವ ತನಕ ಮಾತ್ರ. ಆ ಕಾರಣವನ್ನು ಕೇಳುವ ಅಭ್ಯಾಸವನ್ನು ಕಾಯ್ದುಕೊಳ್ಳುವ ಹೊಣೆ ಪ್ರಜೆಗಳಾದ ನಮ್ಮದಾಗಿದೆ.